ಕುಚ್ಚು ಕಟ್ಟುವ ಕೈಗೆ ಜೋಮು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹನುಮಂತನಗರದವಳು. ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುತ್ತೇನೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಸೀರೆಯ ಮೇಲೆ ಸೀರೆ. ಅಂಥ ಒಂದು ರಾತ್ರಿ ಮೂರು ಗಂಟೆಗೆ ಬಲಗೈ ಉರಿದು ಎಚ್ಚರವಾಯಿತು. ಬೆರಳಿಗೆಲ್ಲ ಜೋಮು. ಎದ್ದು ಕೂತು ಕೈ ಒದರಿದ ಮೇಲೆ ಸರಿಹೋಯಿತು. ಮರುದಿನವೂ ಅದೇ. ವಾಯು ಇರಬೇಕು, ಎಣ್ಣೆ ಹಚ್ಚು ಅಂದರು ನಮ್ಮತ್ತೆ. ಎರಡು ತಿಂಗಳು ಹಚ್ಚಿದೆ.

ಡಾಕ್ಟರು ಮೊದಲು ಕೇಳಿದ್ದು, "ಕಿರುಬೆರಳಿಗೂ ಜೋಮು ಬರುತ್ತಾ?" ಯೋಚಿಸಿದೆ. ಇಲ್ಲ, ಅದೊಂದಕ್ಕೆ ಬರುತ್ತಿರಲಿಲ್ಲ. ಅಲ್ಲೇ ಗುಟ್ಟು ಇರುವುದು. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ದಾರಿ ಇದೆ, ಕಾರ್ಪಲ್ ಟನಲ್ ಅಂತ. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಿಸುವ 9 ಹುರಿಗಳ ಜೊತೆ ಒಂದು ನರವೂ ಅಲ್ಲೇ ನುಸುಳಬೇಕು. ಒಳಗೆ ಸ್ವಲ್ಪ ಊದಿದರೂ ನರ ನಲುಗುತ್ತದೆ. ಹೆಬ್ಬೆರಳಿಂದ ಉಂಗುರಬೆರಳಿನ ಅರ್ಧದವರೆಗೆ ಆ ನರದ್ದು. ಕಿರುಬೆರಳಿಗೆ ಬೇರೆ ನರ. ನಿದ್ದೆಯಲ್ಲಿ ಮಣಿಕಟ್ಟು ಮಡಿಸಿಕೊಳ್ಳುತ್ತೇವಲ್ವಾ, ಅದಕ್ಕೇ ರಾತ್ರಿ ಜಾಸ್ತಿ.

ಬರೀ ಕುಚ್ಚಿನಿಂದ ಬಂತು ಅನ್ನುವ ಹಾಗಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೂ ಬರುತ್ತದೆ. ಬಸುರಿಯರಿಗೂ ಬರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಹೋಗುತ್ತದೆ. ನನಗೆ ಥೈರಾಯ್ಡ್ ಇತ್ತು. ಗೊತ್ತೇ ಇರಲಿಲ್ಲ.

ಮೊದಲು ಮಾತ್ರೆ, ಜೊತೆಗೆ ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್. ಆರು ವಾರದಲ್ಲಿ ನಿದ್ದೆ ಮರಳಿತು. ಮುಂದಿನ ಹಬ್ಬಕ್ಕೆ ಜೋಮೂ ಮರಳಿತು. ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ನಾಲ್ಕು ತಿಂಗಳು ಹಾಯಾಗಿದ್ದೆ. ಆಮೇಲೆ ಸೂಜಿ ಕೈಯಿಂದ ಜಾರತೊಡಗಿತು. ಆಪರೇಷನ್ ಮಾಡಿಸೋಣ ಅಂದರು. ಕೈಗೆ ಕತ್ತರಿ ಹಾಕಿಸಿದರೆ ದುಡಿಮೆ ಏನಾಗುತ್ತೋ ಅಂತ ಹೆದರಿ ಆರು ತಿಂಗಳು ಮುಂದೂಡಿದೆ. ಅದು ತಪ್ಪಾಯಿತು. ಅಷ್ಟರಲ್ಲಿ ಹೆಬ್ಬೆರಳ ಬುಡದ ಮಾಂಸ ಬತ್ತಿತ್ತು. ಜೋಮು ಬಂದು ಹೋಗುತ್ತಿದ್ದರೆ ಸ್ಪ್ಲಿಂಟ್ ಹಾಕಿ ಕಾದು ನೋಡಬಹುದು. ಹಗಲೂ ಬಿಡದಿದ್ದರೆ, ಹಿಡಿತ ತಪ್ಪಿದರೆ, ಆ ಬುಡ ಚಪ್ಪಟೆಯಾದರೆ ದಯವಿಟ್ಟು ಕಾಯಬೇಡಿ. ಎರಡೂ ಅಂಗೈ ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ.

ಆಪರೇಷನ್‌ಗೆ ಕೈಯಷ್ಟೇ ಮರಗಟ್ಟಿಸಿದ್ದರು. ಆ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಮಾಡುತ್ತಾರೆ, ಅಷ್ಟೆ. ಸಂಜೆ ಮನೆಯಲ್ಲಿದ್ದೆ. ರಾತ್ರಿಯ ಉರಿ ಆ ವಾರವೇ ನಿಂತಿತು. ಅಂಗೈ ನೋವು ಮಾತ್ರ ಮೂರು ತಿಂಗಳು ಕಾಡಿತು. ಬತ್ತಿದ ಮಾಂಸ ಪೂರ್ತಿ ತುಂಬಿಕೊಂಡಿಲ್ಲ. ಸಣ್ಣ ಮಣಿ ಹಿಡಿಯುವಾಗ ಈಗಲೂ ತಡವರಿಸುತ್ತೇನೆ.

ಈಗ ಎಡಗೈಗೂ ಶುರುವಾಗಿದೆ. ಈ ಸಲ ಮೊದಲ ವಾರವೇ ಹೋಗಿ ತೋರಿಸಿದೆ. ನಮಸ್ಕಾರ.