ಬ್ಯಾಂಕಿನ ದೇಣಿಗೆ ಊರಿಗೆ ದಕ್ಕಬೇಕಾದರೆ

ಕೇಳುಗರೇ, ನಮಸ್ಕಾರ.

ಶಾಲೆಯ ಬೆಂಚು, ಬಸ್ ತಂಗುದಾಣ, ಸರ್ಕಾರಿ ಆಸ್ಪತ್ರೆಯ ಗಾಲಿಕುರ್ಚಿ, ಹೀಗೆ ಎಷ್ಟೋ ಕಡೆ ಬ್ಯಾಂಕಿನ ಹೆಸರು ಬರೆದಿರುವುದನ್ನು ನೀವು ನೋಡಿರುತ್ತೀರಿ. 'ಇಂಥ ಬ್ಯಾಂಕಿನ ಕೊಡುಗೆ' ಅಂತ. ಓದುತ್ತೇವೆ, ಮುಂದೆ ಹೋಗುತ್ತೇವೆ. ಆ ದುಡ್ಡು ಎಲ್ಲಿಂದ ಬಂತು, ನಮ್ಮೂರು ಅದಕ್ಕಿಂತ ಒಳ್ಳೆಯದೇನಾದರೂ ಕೇಳಬಹುದಿತ್ತಾ ಅಂತ ಯೋಚಿಸುವವರು ಕಡಿಮೆ. ಇವತ್ತು ಆ ಬಗ್ಗೆ ಮಾತಾಡೋಣ.

ಬ್ಯಾಂಕಿನ ದೇಣಿಗೆಯಿಂದ ಆದ ಅತ್ಯುತ್ತಮ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ ನಾನು ದಕ್ಷಿಣ ಕನ್ನಡದ ಉಜಿರೆಯಲ್ಲಿರುವ, ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯ ಹೆಸರು ಹೇಳುತ್ತೇನೆ. ಅದು ಹುಟ್ಟಿದ ನೆಲದ ಕಥೆ ಸ್ವಲ್ಪ ಹೇಳಬೇಕು.

ದಕ್ಷಿಣ ಕನ್ನಡ, ಉಡುಪಿ ಅಂದರೆ ಬ್ಯಾಂಕುಗಳ ತವರು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು ತೆರೆದರು, 1894ರಲ್ಲಿ ಹೆಣ್ಣುಮಕ್ಕಳಿಗೇ ಒಂದು ಶಾಲೆ ತೆರೆದರು, ಆಮೇಲೆ 1906ರಲ್ಲಿ ಒಂದು ನಿಧಿ ಶುರುಮಾಡಿದರು, ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಗಮನಿಸಿ, ಶಾಲೆ ಮೊದಲು, ಬ್ಯಾಂಕ್ ಆಮೇಲೆ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕ್. 1925ರಲ್ಲಿ ಅದೇ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಸಿಂಡಿಕೇಟ್ ಬ್ಯಾಂಕಿನ ಬೀಜ ಹಾಕಿದರು, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆ ಆಗಲಿ ಅಂತ. 1928ರಲ್ಲಿ ಪಿಗ್ಮಿ ಅನ್ನುವ ಉಳಿತಾಯ ಯೋಜನೆ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮೀನು ಮಾರುವವರು, ಹೂ ಕಟ್ಟುವವರು, ಹೋಟೆಲಿನ ಮಾಣಿಗಳು ಎಲ್ಲರಿಗೂ ಅದು ಸಿಗುವ ಹಾಗಾಯಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಬ್ಯಾಂಕುಗಳು ಬೆಳೆದದ್ದು ಊರಿನವರ ದುಡ್ಡಿನಿಂದಲೇ. ಬ್ಯಾಂಕು ದೇಣಿಗೆ ಕೊಡುವುದೇನೋ ತನ್ನ ಲಾಭದಿಂದ, ಠೇವಣಿಯಿಂದ ಅಲ್ಲ. ನಿಮ್ಮ ಎಫ್‌ಡಿಯನ್ನು ಯಾರೂ ದಾನ ಮಾಡುವುದಿಲ್ಲ, ಆ ಹೆದರಿಕೆ ಬೇಡ. ಆದರೆ ಆ ಲಾಭ ಹುಟ್ಟುವುದು ನೀವು ಇಟ್ಟ ಠೇವಣಿಗೆ ಕೊಡುವ ಬಡ್ಡಿಗೂ ನಿಮ್ಮ ಪಕ್ಕದ ಮನೆಯವರು ತೆಗೆದ ಸಾಲಕ್ಕೆ ಕಟ್ಟುವ ಬಡ್ಡಿಗೂ ಇರುವ ವ್ಯತ್ಯಾಸದಿಂದ ತಾನೇ? ಹಾಗಾಗಿ ಊರಿಗೆ ಒಂದಿಷ್ಟು ವಾಪಸ್ ಬರಲಿ ಅಂತ ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಈಗ ಉಜಿರೆಗೆ ಬರೋಣ. 1982ರಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್, ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಈ ಮೂರೂ ಸೇರಿ, ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಒಂದು ತರಬೇತಿ ಕೇಂದ್ರ ಶುರುಮಾಡಿದರು. ಆಗಿನ ಸಮಸ್ಯೆ ಏನಾಗಿತ್ತು ಅಂದರೆ, ಹಳ್ಳಿಯ ಹುಡುಗರಿಗೆ ಬ್ಯಾಂಕು ಸ್ವಂತ ಉದ್ಯೋಗಕ್ಕೆ ಅಂತ ಸಾಲ ಕೊಟ್ಟರೂ ಕಸುಬು ಗೊತ್ತಿಲ್ಲದೆ ಆ ಸಾಲ ಮುಳುಗುತ್ತಿತ್ತು, ಕಸುಬು ಗೊತ್ತಿದ್ದವರಿಗೆ ವ್ಯಾಪಾರ ಗೊತ್ತಿರಲಿಲ್ಲ. ಸುಮ್ನೆ ಸಾಲ ಕೊಟ್ಟರೆ ಸಾಲದು, ಕಲಿಸಿ ಕೊಡೋಣ ಅಂತ ಇವರು ಹೊರಟರು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೈನುಗಾರಿಕೆ, ಜೇನು ಸಾಕಣೆ, ಹೊಲಿಗೆ, ಮೋಟರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಫೋಟೋಗ್ರಫಿ, ಬ್ಯೂಟಿ ಪಾರ್ಲರ್, ಹೀಗೆ ಕೆಲವೇ ವಾರಗಳಲ್ಲಿ ಕಲಿಯಬಹುದಾದ ಕಸುಬುಗಳು.

ಅಲ್ಲಿ ಕಲಿಸುವ ರೀತಿಯೇ ನನಗೆ ಬಹಳ ಇಷ್ಟ. ರಿಂಗ್ ಎಸೆಯುವ ಆಟ ಒಂದಿದೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಷ್ಟು ದೂರದಿಂದ ಎಸೆಯಬೇಕು ಅನ್ನುವುದನ್ನು ಶಿಬಿರಾರ್ಥಿಯೇ ಆರಿಸಿಕೊಳ್ಳಬೇಕು. ಹತ್ತಿರ ನಿಂತರೆ ಬೀಳುವುದು ಸುಲಭ, ಅಂಕ ಕಡಿಮೆ. ದೂರ ಹೋದಷ್ಟೂ ಅಂಕ ಜಾಸ್ತಿ, ಬೀಳುವುದು ಕಷ್ಟ. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ಕೆಲವರು ಗೋಡೆಯವರೆಗೂ ಹೋಗುತ್ತಾರೆ. ಕೊನೆಗೆ ತರಬೇತಿ ಕೊಡುವವರು, ನೀವು ಯಾಕೆ ಅಲ್ಲೇ ನಿಂತಿರಿ, ಮೊದಲ ಸಲ ತಪ್ಪಿದ ಮೇಲೆ ಜಾಗ ಬದಲಿಸಿದಿರಾ ಅಂತ ಕೇಳುತ್ತಾರೆ. ಅಂಗಡಿ ಹಾಕುವಾಗ ಎಷ್ಟು ಸಾಲ ತೆಗೆಯಬೇಕು ಅನ್ನುವ ಪಾಠ ಆ ಆಟದಲ್ಲೇ ಮುಗಿದುಹೋಗುತ್ತದೆ. ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಗೋಪುರ ಮಾಡಬೇಕು, ಎಷ್ಟು ತುಂಡು ಇಡುತ್ತೇನೆ ಅಂತ ಮೊದಲೇ ಹೇಳಬೇಕು. ಹತ್ತನೇ ತರಗತಿ ಫೇಲಾಗಿ ಮನೆಯಲ್ಲಿ ಬೈಸಿಕೊಂಡು ಬಂದ ಹುಡುಗನಿಗೆ, ಯಾವತ್ತೂ ಮನೆಯಿಂದ ಆಚೆ ಉಳಿಯದ ಹೆಣ್ಣುಮಗಳಿಗೆ ಧೈರ್ಯ ಬರುವುದು ಇಂಥದ್ದರಿಂದಲೇ.

ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನು ಬಿಡುವುದಿಲ್ಲ. ಪತ್ರ, ಫೋನು, ಮನೆ ಭೇಟಿ. ಅಂಗಡಿ ಹಾಕಿದಿರಾ, ಬ್ಯಾಂಕ್ ಸಾಲ ಸಿಕ್ಕಿತಾ, ಎಲ್ಲಿ ತಡೆಯಾಯಿತು ಅಂತ ವಿಚಾರಿಸುತ್ತಾರೆ. ನನ್ನ ಪ್ರಕಾರ ಆ ಸಂಸ್ಥೆಯ ಜೀವ ಇರುವುದು ಇದರಲ್ಲೇ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇದೇ ಮಾದರಿ ಹಿಡಿದು ದೇಶದ ಪ್ರತಿ ಜಿಲ್ಲೆಗೊಂದು ಇಂಥ ಸಂಸ್ಥೆ ಬೇಕು ಅಂತ ಯೋಜನೆ ಮಾಡಿತು. ಅವೇ ಈಗಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದ ಅನುದಾನ, ನಡೆಸುವ ಹೊಣೆ ಬ್ಯಾಂಕಿನದು. ಕರಾವಳಿಯ ಒಂದು ಸಣ್ಣ ಊರಲ್ಲಿ ಹುಟ್ಟಿದ್ದು ದೇಶಕ್ಕೆಲ್ಲ ಹೋಯಿತು, ನಮಗೆ ಹೆಮ್ಮೆ ಆಗಬೇಕು ಅಲ್ವಾ?

ಇನ್ನು ಕಾನೂನಿನ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅನ್ನುವುದು ಇದಕ್ಕೇ. ಮಂಗಳೂರಿನಲ್ಲಿ 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನಂಥ ಖಾಸಗಿ ಬ್ಯಾಂಕುಗಳು ಇದರ ಅಡಿ ಬರುತ್ತವೆ. ಸರ್ಕಾರಿ ಬ್ಯಾಂಕುಗಳ ಕಾನೂನು ಬೇರೆ, ಅವು ಕೊಡುವ ದೇಣಿಗೆಗೆ ಹಿಂದಿನ ವರ್ಷದ ಲಾಭದ ಶೇ 1 ಅಂತ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. 135ನೇ ಕಲಮಿನಲ್ಲೇ ಇನ್ನೊಂದು ಮಾತಿದೆ, ಅದು ನಮಗೆ ಮುಖ್ಯ: ಕಂಪನಿ ತಾನು ಕೆಲಸ ಮಾಡುವ ಜಾಗಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ.

ಆದರೆ ಆ ಸುತ್ತಮುತ್ತಲು ಅನ್ನುವುದೇ ಈಗ ದೂರವಾಗುತ್ತಿದೆ. ಕರಾವಳಿಯದೇ ಆದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಕೂತು ನಮ್ಮ ಊರಿನ ಹೆಸರು ಕೇಳಿದರೆ ದಾರಿ ಸಮೇತ ಹೇಳುತ್ತಿದ್ದ ಅಧಿಕಾರಿಗಳ ಕೈಯಲ್ಲಿದ್ದ ತೀರ್ಮಾನ ಈಗ ಎಲ್ಲೋ ಆಗುತ್ತದೆ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ಹಾಗಾಗಿ ಊರಿಗೆ ಏನು ಬೇಕು ಅನ್ನುವುದನ್ನು ಊರಿನವರೇ ಬಾಯಿಬಿಟ್ಟು, ಬರೆದು ಕೇಳಬೇಕಾಗಿದೆ.

ಏನು ಕೇಳಬೇಕು? ಕಟ್ಟಡ ಕೇಳುವ ಮುಂಚೆ ಅದನ್ನು ನಡೆಸುವ ಖರ್ಚು ಲೆಕ್ಕ ಹಾಕಿ. ಎಷ್ಟು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಉದ್ಘಾಟನೆ ಆಗಿ, ಫಿಲ್ಟರ್ ಬದಲಿಸಲು ದುಡ್ಡಿಲ್ಲದೆ ಬೀಗ ಬಿದ್ದಿದೆ! ಶಾಲೆಗೆ ಕಂಪ್ಯೂಟರ್ ಬರುತ್ತದೆ, ಕಲಿಸುವವರು ಇರುವುದಿಲ್ಲ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಜಗಳ ಬೇರೆ. ಘಟಕ ಕೇಳುವುದಾದರೆ ಮೂರು ವರ್ಷದ ನಿರ್ವಹಣೆಯನ್ನೂ ಅದೇ ಅರ್ಜಿಯಲ್ಲಿ ಕೇಳಿ. ಕಂಪ್ಯೂಟರ್ ಜೊತೆಗೆ ಒಬ್ಬ ಶಿಕ್ಷಕರ ಗೌರವಧನವನ್ನೂ ಕೇಳಿ. ಹೆಚ್ಚೆಂದರೆ ಇಲ್ಲ ಅನ್ನುತ್ತಾರೆ, ಕೇಳದಿದ್ದರೆ ಸಿಗುವುದೇ ಇಲ್ಲ.

ಅರ್ಜಿಯನ್ನು ಶಾಖೆಯ ಮ್ಯಾನೇಜರ್ ಮೂಲಕವೇ ಕೊಡಿ. ಮಾರ್ಚ್ ಕೊನೆಯಲ್ಲಿ ಓಡಬೇಡಿ, ಆಗ ಅವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ, ಏಪ್ರಿಲ್ ಮೇನಲ್ಲೇ ಹೋಗಿ ಮಾತಾಡಿ. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಥವಾ ಪಂಚಾಯಿತಿಯ ಠರಾವು, ಎರಡು ಮೂರು ಅಂಗಡಿಗಳ ಕೊಟೇಶನ್, ಜಾಗದ ಫೋಟೋ ಜೊತೆಗಿರಲಿ. ಯುವಕ ಮಂಡಲವೋ ಟ್ರಸ್ಟೋ ನೇರವಾಗಿ ಸಿಎಸ್‌ಆರ್ ದುಡ್ಡು ಪಡೆಯಬೇಕಾದರೆ 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅದಿಲ್ಲದ ಸಣ್ಣ ಸಂಘಗಳು, ವಸ್ತುವನ್ನು ನೀವೇ ಖರೀದಿಸಿ ಶಾಲೆಗೆ ಕೊಡಿ ಅಂತ ಬ್ಯಾಂಕನ್ನು ಕೇಳಿಕೊಳ್ಳಬಹುದು. ಕೊಟ್ಟ ಮೇಲೆ ಲೆಕ್ಕ, ರಸೀದಿ, ಆರು ತಿಂಗಳಿಗೊಂದು ಫೋಟೋ ಕಳಿಸಿ. ಮುಂದಿನ ಅರ್ಜಿಗೆ ಅದೇ ಶಿಫಾರಸು.

ಮನೆಯಲ್ಲಿ ಕೆಲಸ ಹುಡುಕುತ್ತಿರುವ ಮಕ್ಕಳಿದ್ದರೆ ನಿಮ್ಮ ಜಿಲ್ಲೆಯ ಆರ್‌ಸೆಟಿ ಎಲ್ಲಿದೆ, ಮುಂದಿನ ಬ್ಯಾಚ್ ಯಾವಾಗ ಅಂತ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಪ್ರತಿ ಕೈಯಲ್ಲಿರಲಿ.

ನಮಸ್ಕಾರ.