ಕಾರ್ಡಿಫ್‌ನ ಪತ್ತೇದಾರಿಣಿ, ಕಿವಿಯಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಪತ್ತೇದಾರಿ ಕಾದಂಬರಿ ಓದುವವರಲ್ಲಿ ಹಲವರಿಗೆ ಒಂದು ಕಳ್ಳ ಅಭ್ಯಾಸ ಇರುತ್ತದೆ. ತಡೆಯಲಾಗದೆ ಕೊನೆಯ ಪುಟಕ್ಕೆ ಹಾರಿ, ಕೊಂದವರು ಯಾರು ಎಂದು ನೋಡಿಬಿಡುವುದು. ಆಡಿಯೊಬುಕ್‌ನಲ್ಲಿ ಈ ಕಳ್ಳತನಕ್ಕೆ ಮನಸ್ಸೇ ಬರುವುದಿಲ್ಲ. ಓದುವವರು ಯಾವಾಗ ಹೇಳುತ್ತಾರೋ ಆಗಲೇ ನಮಗೆ ಗೊತ್ತಾಗಬೇಕು. ಹಾಗೆ ಕಾದು ಕೇಳಿದಷ್ಟೂ ರುಚಿ ಹೆಚ್ಚುವ ಒಂದು ಸರಣಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಹ್ಯಾರಿ ಬಿಂಗಮ್ ಎಂಬ ಇಂಗ್ಲಿಷ್ ಲೇಖಕರು 2012ರಿಂದ 2017ರವರೆಗೆ ಬರೆದ ಆರು ಕಾದಂಬರಿಗಳು. ನಾಯಕಿ ಫಿಯೋನಾ ಗ್ರಿಫಿತ್ಸ್, ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಪೊಲೀಸ್ ಪತ್ತೇದಾರಿಣಿ. ಬಿಂಗಮ್ ಮೊದಲು ಬ್ಯಾಂಕ್ ಉದ್ಯೋಗಿಯಾಗಿದ್ದವರು. ಈ ಕಥೆಗಳಲ್ಲಿ ದುಡ್ಡು ಎಲ್ಲಿಂದ ಎಲ್ಲಿಗೆ ಹರಿಯಿತು ಎನ್ನುವ ಭಾಗ ಅಷ್ಟು ಖಚಿತವಾಗಿ ಬರುವುದಕ್ಕೆ ಅದೇ ಕಾರಣ ಇರಬೇಕು ಎಂದು ನನ್ನ ಊಹೆ.

ಮೊದಲ ಕಥೆಯ ಆರಂಭ ಹೀಗೆ. ಒಂದು ಕೊಳಕು ಮನೆ. ಅಲ್ಲಿ ಒಬ್ಬ ಬಡ ಹೆಂಗಸು ಮತ್ತು ಅವಳ ಆರು ವರ್ಷದ ಮಗಳು ಕೊಲೆಯಾಗಿ ಬಿದ್ದಿದ್ದಾರೆ. ಮಾದಕ ವಸ್ತು, ವೇಶ್ಯಾವೃತ್ತಿ, ಬಡತನ, ಇಷ್ಟೇ ಎಂದು ಕಡತ ಮುಚ್ಚಬಹುದಿತ್ತು. ಆದರೆ ಆ ಮನೆಯಲ್ಲಿ ಒಂದು ಪ್ಲಾಟಿನಮ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಕಾರ್ಡಿನ ಮೇಲಿರುವುದು ಉಕ್ಕಿನ ವ್ಯಾಪಾರದಲ್ಲಿ ಕೋಟಿಗಟ್ಟಲೆ ಗಳಿಸಿದ ಒಬ್ಬ ಧನಿಕನ ಹೆಸರು. ಆತ ಸತ್ತು ಎಷ್ಟೋ ದಿನವಾಗಿದೆ.

ದಕ್ಷಿಣ ವೇಲ್ಸ್‌ನ ಕಥೆಯಲ್ಲಿ ಸಾಹುಕಾರ ಉಕ್ಕಿನವನೇ ಆಗಿರುವುದು ಆಕಸ್ಮಿಕವಲ್ಲ. ಆ ನಾಡು ಬೆಳೆದದ್ದೇ ಕಲ್ಲಿದ್ದಲು ಮತ್ತು ಉಕ್ಕಿನಿಂದ. 1913ರಲ್ಲಿ ಕಾರ್ಡಿಫ್ ಬಂದರಿನಿಂದ ಒಂದು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಹಡಗು ಹತ್ತಿತ್ತು. ಇಂದು ಆ ಕಣಿವೆಗಳಲ್ಲಿ ಗಣಿಗಳು ಮುಚ್ಚಿವೆ. ಕಾರ್ಡಿಫ್‌ನ ಪಶ್ಚಿಮಕ್ಕಿರುವ ಪೋರ್ಟ್ ಟಾಲ್ಬಟ್‌ನ ಉಕ್ಕಿನ ಕಾರ್ಖಾನೆ 2007ರಿಂದ ನಮ್ಮ ಟಾಟಾ ಕಂಪನಿಯ ಕೈಯಲ್ಲಿದೆ. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆ ಆರಿತು. ಅದಕ್ಕೆ ಹನ್ನೆರಡು ವರ್ಷ ಮೊದಲೇ ಬಂದ ಈ ಕಾದಂಬರಿಯಲ್ಲೂ ಕೆಲಸ ಕಳೆದುಕೊಂಡ ಊರುಗಳ ಗಾಳಿ ಇದೆ. ಬಿಂಗಮ್ ಅದನ್ನು ಭಾಷಣ ಮಾಡುವುದಿಲ್ಲ. ಫಿಯೋನಾ ಕಾರು ಓಡಿಸುತ್ತಾ ದಾರಿಬದಿ ನೋಡುತ್ತಾಳೆ, ಅಷ್ಟೇ.

ಈಗ ದನಿಯ ವಿಷಯ. ಇಡೀ ಸರಣಿ ಫಿಯೋನಾಳ ಬಾಯಿಂದಲೇ ಬರುತ್ತದೆ, ಅದೂ ವರ್ತಮಾನ ಕಾಲದಲ್ಲಿ. "ಬಾಗಿಲು ತೆರೆಯುತ್ತೇನೆ, ಒಳಗೆ ಕತ್ತಲೆ" ಎನ್ನುವ ಧಾಟಿ. ಅಚ್ಚಿನಲ್ಲಿ ಈ ತಂತ್ರ ಒಮ್ಮೊಮ್ಮೆ ಹುಸಿ ಅನ್ನಿಸುತ್ತದೆ. ಕಿವಿಗೆ ಬಿದ್ದಾಗ ಹಾಗಲ್ಲ, ಒಬ್ಬಳು ಪಕ್ಕದಲ್ಲೇ ಕೂತು ಹೇಳಿದಂತಿರುತ್ತದೆ. ಓದಿರುವವರು ವೇಲ್ಸ್‌ನ ನಟಿ ಸಿರಿಯೊಲ್ ಜೆಂಕಿನ್ಸ್. ವೇಲ್ಸ್‌ನವರ ಇಂಗ್ಲಿಷಿನಲ್ಲಿ ವಾಕ್ಯ ಏರಿ ಇಳಿಯುವ ಒಂದು ಲಯವಿದೆ. ಫಿಯೋನಾ ತೀರಾ ಭೀಕರವಾದದ್ದನ್ನು ಹೇಳುವಾಗಲೂ ಆ ಲಯ ತಪ್ಪುವುದಿಲ್ಲ, ಅದರಿಂದಲೇ ಭೀಕರತೆ ಹೆಚ್ಚುತ್ತದೆ.

ಊರಿನ ಹೆಸರುಗಳ ಕಷ್ಟವೂ ಇಲ್ಲಿ ತಪ್ಪುತ್ತದೆ. ವೆಲ್ಷ್ ಹೆಸರುಗಳನ್ನು ಅಚ್ಚಿನಲ್ಲಿ ಕಂಡರೆ ನಮ್ಮ ಕಣ್ಣು ಎಡವುತ್ತದೆ. ಎರಡು ಎಲ್ ಒಟ್ಟಿಗೆ ಬಂದರೆ ಅಲ್ಲಿ ಬೇರೆಯದೇ ಉಚ್ಚಾರ. ನಾಲಗೆಯನ್ನು ಲಕಾರಕ್ಕೆ ಇಟ್ಟು, ದನಿ ಕೊಡದೆ, ಪಕ್ಕದಿಂದ ಗಾಳಿ ಮಾತ್ರ ಬಿಡಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಪ್ರಯತ್ನಿಸಿ ನೋಡಿ. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಭಾಷೆ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ಅಂದರೆ ನೂರಕ್ಕೆ ಹದಿನೆಂಟರಷ್ಟು. ಕಾರ್ಡಿಫ್‌ನ ದಿನನಿತ್ಯದ ಮಾತು ಹೆಚ್ಚಾಗಿ ಇಂಗ್ಲಿಷೇ. ಆದರೆ ಫಿಯೋನಾ ಗುಡ್ಡಗಾಡಿನ ಹಳ್ಳಿಗೆ ಹೋದಾಗ ಹೆಸರುಗಳು ಸರಿಯಾದ ಬಾಯಿಂದ ಬರುತ್ತವೆ, ಊರು ತಾನಾಗಿ ಕಣ್ಮುಂದೆ ನಿಲ್ಲುತ್ತದೆ.

ಫಿಯೋನಾ ಯಾರು? ಕೇಂಬ್ರಿಜ್‌ನಲ್ಲಿ ತತ್ತ್ವಶಾಸ್ತ್ರ ಓದಿದವಳು. ಸಣ್ಣ ಮೈಕಟ್ಟು. ಅವಳಪ್ಪ ಒಂದು ಕಾಲಕ್ಕೆ ಕಾರ್ಡಿಫ್‌ನ ಕತ್ತಲ ಲೋಕದಲ್ಲಿ ದೊಡ್ಡ ಹೆಸರು, ಆದರೆ ಕೋರ್ಟಿನಲ್ಲಿ ಯಾವುದೂ ಸಾಬೀತಾಗಿಲ್ಲ. ಅಂಥವನ ಮಗಳು ಪೊಲೀಸ್! ಇದಕ್ಕಿಂತ ಮುಖ್ಯವಾದ ಗುಟ್ಟು ಇನ್ನೊಂದಿದೆ. ಅವಳಿಗೆ ತನ್ನ ಮೈ ತನ್ನದು ಎಂಬ ನಂಬಿಕೆ ಗಟ್ಟಿಯಿಲ್ಲ. ಎಲ್ಲರಿಗೂ ಸಹಜವಾಗಿ ಬರುವ ದುಃಖ, ಭಯಗಳನ್ನು ಅವಳು ಯೋಚಿಸಿ ಗುರುತಿಸಬೇಕು. ಹೆಣಗಳ ಜೊತೆ ಮಾತ್ರ ಆರಾಮಾಗಿರುತ್ತಾಳೆ. ಇದೇಕೆ ಎನ್ನುವುದು ಮೊದಲ ಕಾದಂಬರಿಯ ಕೊನೆಯಲ್ಲಿ ತಿಳಿಯುತ್ತದೆ, ಅದನ್ನು ನಾನು ಇಲ್ಲಿ ಹಾಳುಮಾಡುವುದಿಲ್ಲ. ತನಗೆ ಮೈ ಇದೆಯೋ ಇಲ್ಲವೋ ಎಂದು ಅನುಮಾನಿಸುವ ಒಬ್ಬಳನ್ನು ನಾವು ಬರೀ ದನಿಯಾಗಿ, ಮುಖವಿಲ್ಲದೆ ಕೇಳುತ್ತಿರುತ್ತೇವೆ. ಇದರ ಟಿವಿ ರೂಪವೂ 2013ರಲ್ಲಿ ಬಂತು. ಆದರೆ ಈ ಪಾತ್ರಕ್ಕೆ ಮುಖ ಬೇಕಾಗಿರಲೇ ಇಲ್ಲ ಎಂದು ನನಗನ್ನಿಸುತ್ತದೆ.

ಪೊಲೀಸ್ ಕೆಲಸದ ವಿವರ ಇಷ್ಟಪಡುವವರಿಗೂ ಇಲ್ಲಿ ಬೇಕಾದಷ್ಟಿದೆ. ವೇಲ್ಸ್‌ಗೆ ತನ್ನದೇ ಸೆನೆಡ್, ಅಂದರೆ ಶಾಸನಸಭೆ ಇದ್ದರೂ ಪೊಲೀಸ್ ವ್ಯವಸ್ಥೆ ಇನ್ನೂ ಲಂಡನ್ನಿನ ಅಧಿಕಾರದಲ್ಲೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಕಾನೂನು ಒಂದೇ. ಬಂಧಿಸಿದವರನ್ನು ಮೊಕದ್ದಮೆ ಹೂಡದೆ 24 ಗಂಟೆ ಇಟ್ಟುಕೊಳ್ಳಬಹುದು. ಸೂಪರಿಂಟೆಂಡೆಂಟ್ ಒಪ್ಪಿದರೆ 36. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಕೇಳಿಕೊಂಡರೆ ಗರಿಷ್ಠ 96. ವಿಚಾರಣೆಯ ಪ್ರತಿ ಮಾತೂ ಧ್ವನಿಮುದ್ರಣವಾಗಬೇಕು, ಪಕ್ಕದಲ್ಲಿ ವಕೀಲರು ಇರಬಹುದು. ಹೀಗಾಗಿ ಹೊಡೆದು ಬಾಯಿ ಬಿಡಿಸುವ ದೃಶ್ಯಗಳಿಲ್ಲ, ಗಡಿಯಾರವೇ ಒತ್ತಡ ತರುತ್ತದೆ.

ತನಿಖಾ ಕೊಠಡಿಯಲ್ಲಿ ಹೋಮ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಇರುತ್ತದೆ. ಷರ್ಲಾಕನ ನೆನಪು ಬರಲೆಂದೇ ಜೋಡಿಸಿದ ಹೆಸರು. ಅದರ ಹಿನ್ನೆಲೆ ಮಾತ್ರ ತಮಾಷೆಯದಲ್ಲ. ಯಾರ್ಕ್‌ಷೈರ್‌ನಲ್ಲಿ ಸಾಲುಸಾಲು ಹೆಂಗಸರನ್ನು ಕೊಂದವನನ್ನು ಪೊಲೀಸರು ಒಂಬತ್ತು ಸಲ ಮಾತಾಡಿಸಿ ಬಿಟ್ಟು ಕಳಿಸಿದ್ದರು. ಮಾಹಿತಿಯೆಲ್ಲ ಕಾಗದದ ಕಾರ್ಡುಗಳಲ್ಲಿ ರಾಶಿ ಬಿದ್ದಿತ್ತು, ಒಂದಕ್ಕೊಂದು ತಾಳೆ ನೋಡುವ ದಾರಿ ಇರಲಿಲ್ಲ. 1981ರಲ್ಲಿ ಆತ ಸಿಕ್ಕಿದ ಮೇಲೆ ನಡೆದ ಪರಾಮರ್ಶೆಯಿಂದ ಹುಟ್ಟಿದ್ದು ಈ ವ್ಯವಸ್ಥೆ. ಫಿಯೋನಾಗೆ ಇಂಥ ಕಡತದ ಕೆಲಸವೆಂದರೆ ಆಗದು. ನಾಲ್ಕನೆಯ ಕಾದಂಬರಿಯಲ್ಲಿ ಅವಳನ್ನು ಮುದ್ದೆಮಾಲು ನೋಡಿಕೊಳ್ಳಲು ಹಾಕುತ್ತಾರೆ. ಚೀಟಿ ಅಂಟಿಸುವುದು, ಪಟ್ಟಿ ಬರೆಯುವುದು, ಕಪಾಟಿನಲ್ಲಿಡುವುದು. ಅವಳ ಗೊಣಗಾಟವನ್ನು ಕೇಳಿಯೇ ಆನಂದಿಸಬೇಕು.

ಕಾರ್ಡಿಫ್ ಪೊಲೀಸರ ನಿಜವಾದ ಚರಿತ್ರೆಯಲ್ಲಿ ಕಪ್ಪು ಪುಟಗಳಿವೆ. 1952ರಲ್ಲಿ ಸೊಮಾಲಿ ನಾವಿಕನೊಬ್ಬನನ್ನು ಅಂಗಡಿಯಾಕೆಯ ಕೊಲೆಗಾಗಿ ಕಾರ್ಡಿಫ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ತೀರ್ಪು ತಪ್ಪೆಂದು ರದ್ದಾದದ್ದು 1998ರಲ್ಲಿ. 1988ರಲ್ಲಿ ಬಂದರಿನ ಬಡಾವಣೆಯಲ್ಲಿ ಯುವತಿಯೊಬ್ಬಳ ಕೊಲೆಯಾದಾಗ ಮೂವರು ನಿರಪರಾಧಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. 1992ರಲ್ಲಿ ಅವರು ಬಿಡುಗಡೆಯಾದರು. ನಿಜವಾದ ಅಪರಾಧಿಗೆ ಶಿಕ್ಷೆಯಾದದ್ದು ಡಿಎನ್‌ಎ ಪರೀಕ್ಷೆಯ ಬಲದಿಂದ, 2003ರಲ್ಲಿ. ಇದನ್ನು ತಿಳಿದವರಿಗೆ, ನಿಯಮಗಳನ್ನು ಗಾಳಿಗೆ ತೂರಿ ಸತ್ಯ ಹುಡುಕುವ ಫಿಯೋನಾಳನ್ನು ಪೂರ್ತಿ ಮೆಚ್ಚುವುದು ಕಷ್ಟ. ಮನೆಯೊಳಗೆ ಅಕ್ರಮವಾಗಿ ನುಗ್ಗುತ್ತಾಳೆ, ಮೇಲಧಿಕಾರಿಗೆ ಸುಳ್ಳು ಹೇಳುತ್ತಾಳೆ. ಪ್ರತಿಸಲವೂ ಅವಳ ಊಹೆ ಸರಿಯಾಗುತ್ತದೆ, ಏಕೆಂದರೆ ಲೇಖಕರು ಅವಳ ಕಡೆಗಿದ್ದಾರೆ. ನಿಜವಾದ ಠಾಣೆಯಲ್ಲಿ ಹಾಗೆ ಕಾಪಾಡುವವರು ಯಾರೂ ಇರುವುದಿಲ್ಲ. ಕೊನೆಕೊನೆಯ ಹೊಡೆದಾಟಗಳೂ ಸ್ವಲ್ಪ ಅತಿಯಾದವು. ಆರನೆಯದು ಪುರಾತತ್ತ್ವಜ್ಞೆಯೊಬ್ಬಳ ತಲೆ ಕಡಿದ ಹೆಣದಿಂದ ಶುರುವಾಗಿ ಆರ್ಥರ್ ರಾಜನ ಐತಿಹ್ಯದತ್ತ ಹೊರಳುತ್ತದೆ. ಕೇಳಲು ಮಜಾ, ನಂಬಲು ಕಷ್ಟ.

ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಗಟ್ಟಿ. ಸಂಬಳದ ಲೆಕ್ಕದಲ್ಲಿ ನಡೆಯುವ ದೊಡ್ಡ ವಂಚನೆಯನ್ನು ಹಿಡಿಯಲು ಫಿಯೋನಾ ಕಸಗುಡಿಸುವವಳ ವೇಷದಲ್ಲಿ, ಬೇರೆ ಅಡ್ಡಹೆಸರಿನಲ್ಲಿ ತಿಂಗಳುಗಟ್ಟಲೆ ಬದುಕುತ್ತಾಳೆ. ಮೊದಲೇ ತಾನು ಯಾರೆಂದು ಅನುಮಾನ ಇರುವವಳು. ಆ ಸುಳ್ಳು ಬದುಕು ಅವಳಿಗೆ ಎಷ್ಟು ಹಿತವಾಗತೊಡಗುತ್ತದೆಂದರೆ ಕೇಳುವ ನಮಗೆ ದಿಗಿಲಾಗುತ್ತದೆ. ಓದುವ ಜೆಂಕಿನ್ಸ್ ಅವರಿಗೂ ಇದು ದುಪ್ಪಟ್ಟು ಕೆಲಸ, ನಟಿಸುತ್ತಿರುವವಳನ್ನು ನಟಿಸಬೇಕು. ಈ ಕಾದಂಬರಿ ಬಂದದ್ದು 2014ರಲ್ಲಿ. ಬ್ರಿಟನ್ನಿನ ಮಾರುವೇಷದ ಪೊಲೀಸರು ಚಳವಳಿಗಾರ್ತಿಯರ ಜೊತೆ ಸುಳ್ಳು ಹೆಸರಿನಲ್ಲಿ ಸಂಸಾರವನ್ನೇ ನಡೆಸಿದ್ದ ಸಂಗತಿ ಅಲ್ಲಿ ಆಗ ದೊಡ್ಡ ಸುದ್ದಿಯಾಗಿತ್ತು, ಮರುವರ್ಷ ಅದಕ್ಕೆ ವಿಚಾರಣಾ ಆಯೋಗವೂ ರಚನೆಯಾಯಿತು.

ಹಾಗೆಂದು ನೇರವಾಗಿ ಮೂರನೆಯದಕ್ಕೆ ಕೈ ಹಾಕಬೇಡಿ. ಮೊದಲ ಕಾದಂಬರಿಯ ಗುಟ್ಟು ಅಲ್ಲಿ ಒಡೆದುಹೋಗಿರುತ್ತದೆ. ವೇಗ ಹೆಚ್ಚಿಸುವ ಗುಂಡಿಯನ್ನೂ ಮುಟ್ಟಬೇಡಿ, ಆ ಏರಿಳಿತದ ಲಯವೇ ಹೊರಟುಹೋಗುತ್ತದೆ. ನಮಸ್ಕಾರ.