ಯುಗದ ಲೆಕ್ಕ, ಎಚ್ಚರದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಪೂಜೆಗೆ ಕೂತವರು ಸಂಕಲ್ಪದಲ್ಲಿ 'ಕಲಿಯುಗೇ ಪ್ರಥಮಪಾದೇ' ಎನ್ನುತ್ತಾರೆ. ಆ ಎರಡು ಮಾತಿನೊಳಗೆ ದೊಡ್ಡ ಲೆಕ್ಕವಿದೆ. ಕಲಿಯುಗಕ್ಕೆ 4,32,000 ವರ್ಷ. ಅದರ ಕಾಲು ಭಾಗ, ಅಂದರೆ ಒಂದು ಪಾದ, 1,08,000. ಈವರೆಗೆ ಕಳೆದದ್ದೆಷ್ಟು ಎಂದು ತಿಳಿಯಲು ಶಕವರ್ಷಕ್ಕೆ 3179 ಕೂಡಿಸಿ. ಶಕ 1947ಕ್ಕೆ ಬರುವ ಉತ್ತರ 5126. ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ ಕವಿ ರವಿಕೀರ್ತಿ ಎರಡೂ ಎಣಿಕೆ ಕೊಟ್ಟಿದ್ದಾನೆ: ಕಲಿಯ ಎಣಿಕೆಗೆ ಹೊಂದುವ ಭಾರತಯುದ್ಧದಿಂದ 3735, ಶಕ 556. ಒಂದರಿಂದ ಇನ್ನೊಂದನ್ನು ಕಳೆಯಿರಿ, ಅದೇ 3179 ಉಳಿಯುತ್ತದೆ!

ವನಪರ್ವದಲ್ಲಿ ಮಾರ್ಕಂಡೇಯ ಋಷಿ ಯುಧಿಷ್ಠಿರನಿಗೆ ಹೇಳುವ ಭವಿಷ್ಯ ನಿಮಗೆ ಗೊತ್ತಿರಬಹುದು. ಆಯುಸ್ಸು, ಬಲ, ಸತ್ಯ ಎಲ್ಲವೂ ಕುಗ್ಗುತ್ತವೆ. ಪಂಚಾಂಗದ ಲೆಕ್ಕ ಹಿಡಿದರೆ ಶಕ 1947ರಲ್ಲಿ ಈ ಇಳಿತ ಮುಗಿಯಲು ಇನ್ನೂ 4,26,874 ವರ್ಷ ಬಾಕಿ.

ತೊಡಕು ಇರುವುದು ವರ್ಷದ ಅಳತೆಯಲ್ಲಿ. ಮನುಸ್ಮೃತಿಯ ಕ್ರಮದಲ್ಲಿ ಕಲಿಗೆ 1000 ವರ್ಷ, ಹಿಂದೆ ಮುಂದೆ ನೂರು ನೂರು ವರ್ಷದ ಸಂಧಿ, ಒಟ್ಟು 1200. ಇವು ದೇವವರ್ಷಗಳು ಎಂದು 360ರಿಂದ ಗುಣಿಸಿದಾಗ 4,32,000 ಆಗುತ್ತದೆ. ಬಂಗಾಳದ ಯೋಗಿ ಶ್ರೀಯುಕ್ತೇಶ್ವರ ಗಿರಿ 1894ರಲ್ಲಿ ಈ ಗುಣಾಕಾರವೇ ತಪ್ಪು ಎಂದರು. ಅವರ ಪ್ರಕಾರ 12,000 ವರ್ಷ ಇಳಿತ, ಮತ್ತೆ 12,000 ವರ್ಷ ಏರಿಕೆ. ಕ್ರಿ.ಶ. 499ರಲ್ಲಿ ಮನುಷ್ಯನ ಬುದ್ಧಿ ತಳ ಮುಟ್ಟಿತು, 1699ರಿಂದ ಏರುವ ದ್ವಾಪರ ನಡೆಯುತ್ತಿದೆ.

ಎಷ್ಟು ಆಶೆ ಹುಟ್ಟಿಸುವ ಮಾತು! ಆದರೆ ಅದರ ಬುಡ ಗಟ್ಟಿಯಿಲ್ಲ. ಈ 24,000 ವರ್ಷದ ಸುತ್ತನ್ನು ಅವರು ವಿಷುವ ಬಿಂದುವಿನ, ಅಂದರೆ ಹಗಲು ರಾತ್ರಿ ಸಮವಾಗುವ ದಿನ ಸೂರ್ಯ ಇರುವ ಬಿಂದುವಿನ, ಜರುಗುವಿಕೆಗೆ ಕಟ್ಟಿದ್ದರು; ಸೂರ್ಯ ಒಂದು ಜೊತೆ ನಕ್ಷತ್ರವನ್ನು ಸುತ್ತುವುದೇ ಅದಕ್ಕೆ ಕಾರಣ ಎಂದಿದ್ದರು. 24,000 ವರ್ಷ ಬರಬೇಕಾದರೆ ಆ ಬಿಂದು ವರ್ಷಕ್ಕೆ 54 ವಿಕಲೆ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ವಿಕಲೆ) ಜರುಗಬೇಕು. ಈಗಿನ ಅಳತೆ ಸುಮಾರು 50.3 ವಿಕಲೆ; ಒಂದು ಸುತ್ತಿಗೆ 25,770 ವರ್ಷದ ಹತ್ತಿರ. ಜರುಗಲು ಕಾರಣ ಅವರು ಹೇಳಿದ ಜೊತೆ ನಕ್ಷತ್ರವಲ್ಲ. ಭೂಮಿಯ ಉಬ್ಬಿದ ನಡುವನ್ನು ಚಂದ್ರ, ಸೂರ್ಯ ಎಳೆಯುವುದರಿಂದ ಅದರ ಅಕ್ಷ ಬುಗುರಿಯಂತೆ ತೂಗುತ್ತದೆ. ಸುತ್ತಿನ ಉದ್ದ ಬದಲಾದರೆ 1699 ಎಂಬ ಗಡಿಯೂ ನಿಲ್ಲುವುದಿಲ್ಲ.

ಆ 499 ಆರ್ಯಭಟನ ವರ್ಷವೂ ಹೌದು. ಕಲಿಯ 3600 ವರ್ಷ ಕಳೆದಾಗ ತನಗೆ 23 ಎಂದು ಬರೆದವನು ಅವನೇ. ಅವನು ನಾಲ್ಕು ಯುಗಗಳನ್ನೂ ಸಮ ಮಾಡಿ, ಒಂದೊಂದಕ್ಕೆ 10,80,000 ವರ್ಷ ಕೊಟ್ಟ. ನಂತರದ ಗಣಿತಜ್ಞ ಬ್ರಹ್ಮಗುಪ್ತ ಅದನ್ನು ಒಪ್ಪಲಿಲ್ಲ. ಹಾಗಾಗಿ ಶಾಸ್ತ್ರದಲ್ಲಿ ಇರುವುದು ಒಂದೇ ಲೆಕ್ಕ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೃತ, ತ್ರೇತಾ, ದ್ವಾಪರ, ಕಲಿ ಇವು ಪಗಡೆಯಾಟದ ಗರಗಳ ಹೆಸರೂ ಹೌದು. ಈ ಹೆಸರುಗಳನ್ನು ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣ ಎಂಬ ಗ್ರಂಥ ವರ್ಷಗಳಿಗೆ ಕಟ್ಟಿಹಾಕದೆ ಮನುಷ್ಯನ ಎಚ್ಚರಕ್ಕೇ ಇಟ್ಟಿದೆ. ನನಗೆ ಅತ್ಯಂತ ಹತ್ತಿರವಾದ ಅರ್ಥ ಅದು. ಕಾಡಿನಿಂದ ಊರಿಗೆ ಮರಳುತ್ತಿದ್ದ ಹರಿಶ್ಚಂದ್ರನ ಮಗ ರೋಹಿತನನ್ನು ಇಂದ್ರ ತಡೆದು ಹೇಳುತ್ತಾನೆ: ಮಲಗಿದವನು ಕಲಿ, ಮೈಮುರಿದು ಏಳುವವನು ದ್ವಾಪರ, ಎದ್ದು ನಿಂತವನು ತ್ರೇತಾ, ನಡೆಯುವವನು ಕೃತ. ನಡೆ, ನಡೆಯುತ್ತಲೇ ಇರು.

ರೋಹಿತ ಮತ್ತೆ ಕಾಡಿನ ದಾರಿ ಹಿಡಿದ.

ನಮಸ್ಕಾರ.